ನಡುಗುವ ನಾದ

ವಾಲ್ವುಗಳನ್ನು ಜೋಡಿಸಿ ಮನೆಯಲ್ಲಿಯೇ ಗಿಟಾರಿಗೊಂದು ಧ್ವನಿವರ್ಧಕವನ್ನು ಕಟ್ಟಿಕೊಳ್ಳುವವನಿಗೆ ಹಗೆಯೊಂದುಂಟು. ಅದು ಬೇಡದ ಆಂದೋಲನ. ಹೊರಬಂದ ಸಂಕೇತದ ಒಂದಂಶ ಹೇಗೋ ಹಿಂದಿರುಗಿ ಮತ್ತೆ ಒಳಹೊಕ್ಕರೆ, ಯಾರೂ ತಂತಿಯನ್ನು ಮೀಟದಿದ್ದರೂ ಯಂತ್ರವು ತಾನಾಗಿಯೇ ಊಳಿಡತೊಡಗುತ್ತದೆ. ಅದನ್ನು ಅಡಗಿಸಲು ಎಷ್ಟೋ ರಾತ್ರಿ ನಿದ್ದೆಗೆಟ್ಟವನು, ವರ್ಧಕಕ್ಕೆ ಟ್ರೆಮೊಲೊ ಅಳವಡಿಸಬೇಕೆಂದು ಬಯಸಿದ ದಿನ ಆ ಹಗೆಯನ್ನೇ ಮನೆಯೊಳಗೆ ಬರಮಾಡಿಕೊಳ್ಳಬೇಕಾಗುತ್ತದೆ.

ನಾದದ ಗಟ್ಟಿತನವು ಒಂದೇ ಕ್ರಮದಲ್ಲಿ ಏರಿಳಿಯುವುದು ಟ್ರೆಮೊಲೊ. ಸ್ವರವೇ ಮೇಲೆ ಕೆಳಗೆ ತೂಗಾಡಿದರೆ ಅದು ವೈಬ್ರಾಟೊ. ವೀಣೆಯ ಕಂಪಿತ ಗಮಕವನ್ನು ಕೇಳಿ ಬಲ್ಲ ಕಿವಿಗೆ ಈ ಭೇದ ಸುಲಭವಾಗಿ ಹೊಳೆಯುತ್ತದೆ, ಏಕೆಂದರೆ ಅಲ್ಲಿ ಅಲುಗುವುದು ಸ್ವರವೇ ಹೊರತು ಗಟ್ಟಿತನವಲ್ಲ. ಆದರೆ ಅಮೆರಿಕದ ಫೆಂಡರ್ ಸಂಸ್ಥೆಯು 1954ರಲ್ಲಿ ಸ್ಟ್ರ್ಯಾಟೊಕ್ಯಾಸ್ಟರ್ ಗಿಟಾರನ್ನು ಹೊರತಂದಾಗ, ಸ್ವರವನ್ನು ಬಾಗಿಸುವ ಸನ್ನೆಗೋಲಿಗೆ ಟ್ರೆಮೊಲೊ ಎಂದು ಹೆಸರಿಟ್ಟಿತು. ತನ್ನ ಹಲವು ಧ್ವನಿವರ್ಧಕಗಳಲ್ಲಿ ಗಟ್ಟಿತನವನ್ನು ಅಲುಗಿಸುವ ಏರ್ಪಾಡಿಗೆ ವೈಬ್ರಾಟೊ ಎಂದು ಬರೆಯಿತು. ಮಾರಾಟಗಾರರ ಕೈಗೆ ಸಿಕ್ಕ ಶಬ್ದಗಳ ಪಾಡು ಎಲ್ಲೆಡೆಯೂ ಇಷ್ಟೇ!

ಟ್ರಯೋಡ್ ವಾಲ್ವು ತನ್ನ ಗ್ರಿಡ್ಡಿಗೆ ಬಂದ ಸಂಕೇತವನ್ನು ತಲೆಕೆಳಗು ಮಾಡಿ ಹೊರಗೆ ಕೊಡುತ್ತದೆ. ಅದನ್ನು ಮೂರು ಜೊತೆ ಧಾರಕ-ರೋಧಕಗಳ ಮೂಲಕ ಹಾಯಿಸಿ, ಜೊತೆಯೊಂದಕ್ಕೆ ಸುಮಾರು 60 ಡಿಗ್ರಿಯಂತೆ ಒಟ್ಟು 180 ಡಿಗ್ರಿ ತಿರುಗಿಸಿ ಮರಳಿ ಗ್ರಿಡ್ಡಿಗೆ ತಂದರೆ ವಾಲ್ವು ಆಂದೋಲನಗೊಳ್ಳುತ್ತದೆ. ಮೂರು ಜೊತೆಗಳೂ ಸಮವಾಗಿದ್ದರೆ ಈ ಹಾದಿಯಲ್ಲಿ ಸಂಕೇತವು 29ರಲ್ಲಿ ಒಂದು ಪಾಲಿಗೆ ಇಳಿಯುವುದರಿಂದ, ಅದಕ್ಕಿಂತ ಹೆಚ್ಚು ವರ್ಧಿಸಬಲ್ಲ ವಾಲ್ವು ಬೇಕು. 12ಎಎಕ್ಸ್7 ವಾಲ್ವಿನ ಅರ್ಧಭಾಗವೇ ಇದಕ್ಕೆ ಸಾಕು. ಆಂದೋಲನದ ವೇಗ ಸೆಕೆಂಡಿಗೆ ನಾಲ್ಕರಿಂದ ಹತ್ತು. ಮನೆಯೊಡೆಯನನ್ನು ಕಾಡಿದ ಊಳು, ಹೀಗೆ ನಿಧಾನಗೊಂಡಾಗ, ನಾದದ ಉಸಿರಾಟವಾಗುತ್ತದೆ.

ಈ ಕಂಪನವನ್ನು ನಾದಕ್ಕೆ ಮುಟ್ಟಿಸುವ ಬಗೆಗಳು ಹಲವು. 1960ರ ದಶಕದ ಫೆಂಡರ್ ವರ್ಧಕಗಳಲ್ಲಿ ಪುಟ್ಟ ನಿಯಾನ್ ದೀಪವೊಂದು ಮಿನುಗಿ, ಬೆಳಕಿಗೆ ಸ್ಪಂದಿಸುವ ರೋಧಕವನ್ನು ಅಲುಗಿಸುತ್ತಿತ್ತು. ಮನೆಯಲ್ಲಿ ಕಟ್ಟುವವನಿಗೆ ಇನ್ನೊಂದು ಬಗೆಯೇ ಮೇಲು: ಕೊನೆಯ ಹಂತದ ವಾಲ್ವುಗಳ ಗ್ರಿಡ್ಡಿಗೆ ಕೊಡುವ ಋಣ ವೋಲ್ಟೇಜನ್ನೇ ತೂಗಾಡಿಸುವುದು. ಬಿಡಿಭಾಗಗಳು ಕಡಿಮೆ, ಏರಿಳಿತವೂ ಮೃದು. ಎದುರುಬದುರಾಗಿ ದುಡಿಯುವ ಎರಡು ವಾಲ್ವುಗಳು ಸಮಬಲದವಾಗಿದ್ದರೆ, ಆಂದೋಲಕದ ದಬದಬ ಸದ್ದು ಟ್ರಾನ್ಸ್‌ಫಾರ್ಮರಿನಲ್ಲಿ ಬಹುಮಟ್ಟಿಗೆ ತಾನೇ ಅಳಿಸಿಹೋಗುತ್ತದೆ.

ಕಾಲಿನಿಂದ ಒತ್ತುವ ಸಿದ್ಧ ಪೆಡಲ್ ಅಂಗಡಿಯಲ್ಲಿ ದೊರೆಯುವಾಗ ಇಷ್ಟೆಲ್ಲ ತೊಡಕೇಕೆಂದು ಕೇಳುವವರುಂಟು. ನಾದ ಮಾತ್ರ ಬೇಕಾದವನಿಗೆ ಪೆಡಲ್ ಸಾಕು, ನಿಜ. ಆದರೆ ಕೈಯಾರೆ ಕಟ್ಟಿದ ವರ್ಧಕ ಅಂದು ಏಕೆ ಊಳಿಟ್ಟಿತೆಂಬುದು ಕಟ್ಟಿದವನಿಗೆ ಚೆನ್ನಾಗಿ ಮನದಟ್ಟಾಗುವುದು ಈ ಆಂದೋಲಕವನ್ನು ಕಟ್ಟುವಾಗಲೇ. ಇನ್ನು, ಕಂಪನದ ಆಳವನ್ನು ತಗ್ಗಿಸುವ ಗುಂಡಿಯನ್ನೂ ಅದನ್ನು ಪೂರ್ತಿ ನಿಲ್ಲಿಸುವ ಸ್ವಿಚ್ಚನ್ನೂ ಮರೆಯುವಂತಿಲ್ಲ. ಬೋ ಡಿಡ್ಲಿ 1955ರಲ್ಲಿ ತನ್ನ ಹೆಸರನ್ನೇ ಇಟ್ಟ ಹಾಡಿನಲ್ಲಿ ನಡುಕವನ್ನು ತಾಳದೊಡನೆ ಕೂಡಿಸಿ ನುಡಿಸಿದ. ಆ ಕಿವಿಯಿಲ್ಲದವನು ಹಾಡಿನುದ್ದಕ್ಕೂ ನಡುಗಿಸಿದರೆ ಕೇಳುಗನಿಗೆ ತಲೆನೋವೇ ಉಳಿಯುತ್ತದೆ.

ವಿನೋದದ ಈ ಕೆಲಸದಲ್ಲಿ ಪ್ರಾಣಭಯವೂ ಅಡಗಿದೆ. ವರ್ಧಕದೊಳಗೆ ಓಡಾಡುವುದು ಮುನ್ನೂರು ನಾನ್ನೂರು ವೋಲ್ಟು. ಪ್ಲಗ್ಗನ್ನು ಕಿತ್ತ ಮೇಲೆಯೂ ಧಾರಕಗಳು ಅದನ್ನು ಹಿಡಿದಿಟ್ಟುಕೊಂಡಿರಬಲ್ಲವು. ಅವುಗಳನ್ನು ರೋಧಕದ ಮೂಲಕ ಬರಿದುಮಾಡಿ, ಮೀಟರಿನಿಂದ ಅಳೆದು ನೋಡಿದ ಮೇಲೆಯೇ, ಬಲ್ಲವರೊಬ್ಬರ ಎದುರಿನಲ್ಲಿ, ಒಳಗೆ ಕೈಯಿಡಬೇಕು.