ಓಡು ದೃಷ್ಟಿಗೆ, ತಿರುಳು ದೋಸೆಗೆ

ಆಯುಧ ಪೂಜೆಯ ಮರುದಿನ ಸೇಲಂ, ಧರ್ಮಪುರಿ ಕಡೆ ಬೈಕಿನಲ್ಲಿ ಓಡಾಡುವವರಿಗೆ ನಾನು ಯಾವ ವಿಷಯ ಎತ್ತುತ್ತಿದ್ದೇನೆ ಅಂತ ಗೊತ್ತಾಗಿಬಿಡುತ್ತದೆ. ಲಾರಿ ಶೆಡ್ಡು, ವರ್ಕ್‌ಶಾಪು, ಮಗ್ಗದ ಮನೆ, ಅಂಗಡಿ... ಎಲ್ಲದರ ಮುಂದೆಯೂ ಒಡೆದ ಬೂದುಗುಂಬಳ, ಅದರ ಮೇಲೆ ಕುಂಕುಮದ ಕೆಂಪು ನೀರು. ಚಕ್ರ ಹತ್ತಿದರೆ ಜಾರಿತು ಅಂತಲೇ ಲೆಕ್ಕ. ರಸ್ತೆಯಲ್ಲಿ ಒಡೆಯಬೇಡಿ ಎಂದು ಪೊಲೀಸರು ಹಬ್ಬ ಬಂದಾಗಲೆಲ್ಲ ಕೇಳಿಕೊಳ್ಳುತ್ತಾರೆ. ಕೇಳುವವರು ಯಾರು?

ನನ್ನ ತಕರಾರು ರಸ್ತೆಯದ್ದಷ್ಟೇ ಅಲ್ಲ, ಅನ್ನದ್ದು ಕೂಡ. ಕಾಯಿಯ ತೊಟ್ಟಿನ ಹತ್ತಿರ ಕೊರೆದು, ಒಂದು ಹಿಡಿ ತಿರುಳು ತೆಗೆದು ಮೂಲೆಗೆ ಎಸೆಯುತ್ತೇವೆ. ಆ ಜಾಗಕ್ಕೆ ಕುಂಕುಮ, ಸುಣ್ಣ, ಚಿಲ್ಲರೆ ಕಾಸು. ಮೇಲೆ ಕರ್ಪೂರ ಹಚ್ಚಿ, ನಿವಾಳಿಸಿ, ಪಟಾರ್! ನಾಲ್ಕೈದು ಕಿಲೋ ತರಕಾರಿ ಮಣ್ಣುಪಾಲು.

ಕುಂಬಳಕಾಯಿ ಒಡೆಯುವುದು ಪ್ರಾಣಿಬಲಿಯ ಬದಲಿಗೆ ಎಂದು ಹಿರಿಯರು ಹೇಳುತ್ತಾರೆ. ಕೂಷ್ಮಾಂಡ ಬಲಿ ಎಂಬ ಹೆಸರೇ ಇದೆ. ಸರಿ, ಮಾರಮ್ಮನಿಗೆ ಕೋಳಿ ಕೊಯ್ದವರು ಅದನ್ನು ಬೀದಿಯಲ್ಲಿ ಬಿಟ್ಟು ಬರುತ್ತಾರೆಯೇ? ಮನೆಗೆ ತಂದು ಸಾರು ಮಾಡಿ ನೆಂಟರಿಗೆಲ್ಲ ಬಡಿಸುತ್ತಾರೆ. ಕೋಳಿಗೆ ಇರುವ ಮರ್ಯಾದೆ ಕುಂಬಳಕ್ಕೆ ಯಾಕಿಲ್ಲ?

"ದೃಷ್ಟಿ ತೆಗೆದದ್ದನ್ನು ತಿನ್ನಬಾರದು" ಎನ್ನುತ್ತಾರೆ ಅಜ್ಜಿಯಂದಿರು. ಒಪ್ಪಿದೆ. ಕುಂಕುಮ, ಸುಣ್ಣ ಬಿದ್ದ ಮೇಲೆ ಅದು ಹೊಟ್ಟೆಗೆ ಆಗುವುದೂ ಇಲ್ಲ. ಆದರೆ ನಿವಾಳಿಸುವ ಮೊದಲು ಅದು ಬರೀ ತರಕಾರಿ ತಾನೆ? ಹಾಗಾದರೆ ಒಂದು ಹಿಡಿ ಯಾಕೆ, ಪೂರ್ತಿ ಕೆರೆದು ತೆಗೆಯೋಣ. ಮೇಲ್ಭಾಗವನ್ನು ಮುಚ್ಚಳದಂತೆ ಕೊಯ್ದು, ಗಟ್ಟಿ ಚಮಚದಿಂದ ಒಳಗೆಲ್ಲ ಕೆರೆದು, ಬೆರಳು ದಪ್ಪದ ಓಡು ಉಳಿಸಿದರೆ ಸಾಕು. ಕುಂಕುಮ ತುಂಬಲು, ಒಡೆಯಲು ಓಡು ಸಾಲದೇ!

ತೆಗೆದ ತಿರುಳಿಗೆ ನಮ್ಮ ಅಡುಗೆಯಲ್ಲಿ ದಾರಿಗಳು ಬೇಕಾದಷ್ಟಿವೆ. ಗಟ್ಟಿ ಭಾಗ ಮಜ್ಜಿಗೆಹುಳಿಗೆ, ತುರಿದರೆ ಅರಳು ಸಂಡಿಗೆಗೆ. ನಡುವಿನ ಮೆತ್ತನೆಯ ತಿರುಳನ್ನು ಮಾತ್ರ ಎಲ್ಲರೂ ಬಿಸಾಡುವುದು. ಕಾಸರಗೋಡು, ಮಂಗಳೂರು ಕಡೆಯವರು ಅದರಲ್ಲೇ ದೋಸೆ ಮಾಡುತ್ತಾರೆ. ಎರಡು ಲೋಟ ದೋಸೆ ಅಕ್ಕಿ, ಒಂದು ಚಮಚ ಮೆಂತ್ಯ ನಾಲ್ಕು ಗಂಟೆ ನೆನೆಯಲಿ. ಬೀಜ ತೆಗೆದ ತಿರುಳು ಎರಡು ಲೋಟ ಸೇರಿಸಿ ನುಣ್ಣಗೆ ರುಬ್ಬಿ. ನೀರು ಹಾಕುವ ಮುಂಚೆ ಯೋಚಿಸಿ, ಬೂದುಗುಂಬಳದಲ್ಲಿ ಇರುವುದೇ ಮುಕ್ಕಾಲುಪಾಲಿಗಿಂತ ಹೆಚ್ಚು ನೀರು. ಉಪ್ಪು ಹಾಕಿ ರಾತ್ರಿಯಿಡೀ ಇಟ್ಟು, ಬೆಳಿಗ್ಗೆ ತುಸು ದಪ್ಪಗೆ ಹುಯ್ದು ಮುಚ್ಚಿ ಬೇಯಿಸಿ. ಉದ್ದಿನಬೇಳೆ ಇಲ್ಲದೆಯೇ ಹತ್ತಿಯಂತಹ ದೋಸೆ! ಉದ್ದಿನ ಬೆಲೆ ಗೊತ್ತಿರುವ ತಾಯಂದಿರಿಗೆ ಹೆಚ್ಚು ಹೇಳಬೇಕಿಲ್ಲ.

ಅಕ್ಟೋಬರ್ 31ರಂದು ಅಮೆರಿಕದಲ್ಲಿ ಹ್ಯಾಲೋವಿನ್ ಹಬ್ಬಕ್ಕೆ ಸಿಹಿಗುಂಬಳ ಕೊರೆದು, ಕಣ್ಣು ಬಾಯಿ ಮಾಡಿ ದೀಪ ಇಡುತ್ತಾರೆ. ನಾವು ಮನೆ ಮುಂದೆ ಮೀಸೆ ಬರೆದು ಕುಂಬಳ ತೂಗುಹಾಕುವುದಿಲ್ಲವೇ, ಅದರ ದಾಯಾದಿಯೇ. ಅಲ್ಲಿಯೂ ಎಷ್ಟೋ ಕಾಯಿ ಕಸಕ್ಕೆ ಹೋಗುತ್ತದೆ. ಆದರೆ ಬೀಜಗಳನ್ನು ಹುರಿದು ತಿನ್ನುವ ರೂಢಿ ಅವರಲ್ಲಿದೆ. ನಾವೂ ಸಿಹಿಗುಂಬಳದ ಬೀಜಕ್ಕೆ ಅಂಟಿದ ನಾರು ತೊಳೆದು, ಎರಡು ದಿನ ಬಿಸಿಲಿಗಿಟ್ಟು, ಉಪ್ಪು ಹಾಕಿ ಹುರಿಯಬಹುದು.

ಇದರಲ್ಲಿ ಕನ್ನಡ ಪಾಠವೂ ಇದೆ. ನಮ್ಮ ಮಕ್ಕಳಿಗೆ "ತಿರುಳು" ಎಂದರೆ ಪದ್ಯದ ತಿರುಳು ಮಾತ್ರ, ಪರೀಕ್ಷೆಯಲ್ಲಿ ಬರೆಯುವಂಥದ್ದು. ಕೈಯಲ್ಲಿ ಹಿಡಿದರೆ ಆ ಪದ ಮರೆಯುವುದಿಲ್ಲ. ಇನ್ನೊಂದು ತಮಾಷೆ: ತಮಿಳಿನಲ್ಲಿ ಪರಂಗಿಕಾಯಿ ಎಂದರೆ ಸಿಹಿಗುಂಬಳ, ಮೈಸೂರು ಕಡೆಯ ಕನ್ನಡದಲ್ಲಿ ಪರಂಗಿಹಣ್ಣು ಎಂದರೆ ಪಪ್ಪಾಯಿ. ಎರಡೂ ಅಮೆರಿಕ ಖಂಡದಿಂದಲೇ ಬಂದವು. ಎರಡು ಭಾಷೆ ಬಲ್ಲ ನಮ್ಮ ಗಡಿ ಮಕ್ಕಳಲ್ಲದೆ ಈ ತಮಾಷೆಗೆ ಬೇರೆ ಯಾರು ನಕ್ಕಾರು?

ಮೇಷ್ಟ್ರುಗಳೇ, ಟೀಚರಮ್ಮನವರೇ, ಶಾಲೆಯ ಸರಸ್ವತಿ ಪೂಜೆಗೆ ಕಾಯಿ ತರಿಸುವವರು ನಾವೇ. ಕೊರೆಯುವ ಕೆಲಸವನ್ನು ಹಿಂದಿನ ಸಂಜೆಯೇ ಮುಗಿಸಿ, ತಿರುಳನ್ನು ಒಂದು ಡಬ್ಬಿಯಲ್ಲಿ ಹಾಕಿ ಹತ್ತಿರದ ಮನೆಯ ಮಗುವಿನ ಕೈಗೆ ಕೊಡಿ. ಓಡನ್ನು ಗೇಟಿನ ಹೊರಗೆ ಬೇಡ, ಶಾಲೆಯ ತೋಟದ ತೆಂಗಿನ ಬುಡದಲ್ಲಿ ಒಡೆಯಿರಿ.