ಷೋಕೇಸಿನ ಟಾರ್ಚು

ಲಕ್ಷ್ಮೀಪುರಂನ ಮನೆಗಳ ಷೋಕೇಸಿನಲ್ಲಿ ಈಚೆಗೆ ಹೊಸ ವಸ್ತುವೊಂದು ಸೇರಿಕೊಂಡಿದೆ. ಚನ್ನಪಟ್ಟಣದ ಗೊಂಬೆ, ಗಂಧದ ಆನೆ, ಮಗಳಿಗೆ ಸಂಗೀತದಲ್ಲಿ ಬಂದ ಬಹುಮಾನದ ಕಪ್ಪು, ಇವುಗಳ ನಡುವೆ ದೊಣ್ಣೆಯಂತೆ ಮಲಗಿರುವ ಮೊಳದುದ್ದದ ಕರಿಯ ಟಾರ್ಚು. ಹೊರದೇಶದಲ್ಲಿರುವ ಮಗನೋ ಅಳಿಯನೋ ತಂದುಕೊಟ್ಟದ್ದು. ಬಂದವರಿಗೆ ಕಾಫಿ ಕೊಟ್ಟಾದ ಮೇಲೆ ಅದನ್ನು ಹೊರಗೆ ತೆಗೆದು, ಎದುರುಮನೆಯ ತೆಂಗಿನ ಸುಳಿಗೆ ಬೆಳಕು ಬಿಟ್ಟು, "ನೋಡಿ, ಒಂದು ಕಿಲೋಮೀಟರು ಹೋಗತ್ತೆ" ಎಂದು ತೋರಿಸಿ, ಮತ್ತೆ ಒಳಗಿಟ್ಟು ಗಾಜಿನ ಬಾಗಿಲು ಎಳೆಯುವುದು ವಾಡಿಕೆ. ಈ ವಾಡಿಕೆಯ ಮೇಲೆ ನನಗೆ ತಕರಾರಿದೆ.

ಇಷ್ಟು ಬಲವಾದ ಟಾರ್ಚು ಸಂಸಾರಸ್ಥರಿಗೆ ಏತಕ್ಕೆ ಎಂದು ಕೇಳುವವರೂ ಉಂಟು. ಅವರೊಡನೆಯೂ ನನ್ನ ಜಗಳವೇ. ಉಪಯೋಗ ಬೇಕಾದಷ್ಟಿದೆ. ಆದರೆ ಆ ಉಪಯೋಗ ನಡುಮನೆಯಲ್ಲಿಲ್ಲ; ನಮ್ಮ ಕೆಲಸಕ್ಕಾಗಿ ಕತ್ತಲಲ್ಲಿ ನಡೆಯುವವರ ಕೈಯಲ್ಲಿದೆ. ಕತ್ತಲೆಗೆ ಯಾರು ಕಳಿಸುತ್ತಾರೋ ಅವರೇ ಬೆಳಕನ್ನೂ ಕೊಡಬೇಕು. ನನ್ನ ವಾದ ಇಷ್ಟೇ.

ನಮ್ಮ ಕಡೆಯ ಹಳ್ಳಿಗಳಲ್ಲಿ ಟಾರ್ಚಿಗೆ ಬ್ಯಾಟರಿ ಎಂದೇ ಹೆಸರು. ಡೇವಿಡ್ ಮಿಸೆಲ್ ಎಂಬಾತನಿಗೆ ಅಮೆರಿಕದಲ್ಲಿ ಇದರ ಪೇಟೆಂಟು ಸಿಕ್ಕಿದ್ದು 1899ರಲ್ಲಿ. ಆಗಿನ ಸೆಲ್ಲುಗಳಿಗೆ ಒಂದೇ ಸಮನೆ ಉರಿಸುವ ತ್ರಾಣವಿರಲಿಲ್ಲ, ಮಿಂಚಿಸಿ ಆರಿಸಬೇಕಾಗಿತ್ತು. ಅದಕ್ಕೇ ಅಲ್ಲಿಯವರು ಫ್ಲ್ಯಾಷ್‌ಲೈಟ್ ಎಂದು ಕರೆದರು. ನಮ್ಮಲ್ಲಿ ಎವರೆಡಿಯವರು ಲಕ್ನೋದಲ್ಲಿ ಟಾರ್ಚಿನ ಕಾರ್ಖಾನೆ ತೆರೆದದ್ದು 1958ರಲ್ಲಿ. ಆಮೇಲೆ ಎರಡು ಸೆಲ್ಲು, ಮೂರು ಸೆಲ್ಲು, ಅನುಕೂಲಸ್ಥರಿದ್ದರೆ ಐದು ಸೆಲ್ಲು. ಸೆಲ್ಲು ಕುಗ್ಗಿದರೆ ತೆಗೆದು ಬಿಸಿಲಿಗಿಟ್ಟು ಇನ್ನೆರಡು ದಿನ ದೂಡುತ್ತಿದ್ದರು.

ಆ ಐದು ಸೆಲ್ಲಿನ ಟಾರ್ಚಿಗೂ ಜಂಬವಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಅದು ಊರಿನ ಟಾರ್ಚಾಗಿತ್ತು. ಹೆರಿಗೆ ನೋವು ಬಂದರೆ ಸೂಲಗಿತ್ತಿಯನ್ನು ಕರೆತರಲು ಅದೇ ಹೋಗಬೇಕು. ಹಸು ಹಗ್ಗ ಕಿತ್ತುಕೊಂಡು ಹೋದರೆ ಹುಡುಕಲು ಅದೇ ಬರಬೇಕು. "ಬ್ಯಾಟರಿ ಕೊಡಿ ಗೌಡ್ರೆ" ಎಂದು ನಡುರಾತ್ರಿ ಬಾಗಿಲು ತಟ್ಟಿದವರನ್ನು ಯಾರೂ ಬರಿಗೈಯಲ್ಲಿ ಕಳಿಸುತ್ತಿರಲಿಲ್ಲ. ಪಟ್ಟಣಕ್ಕೆ ಬಂದ ಮೇಲೆ ಟಾರ್ಚು ದೊಡ್ಡದಾಯಿತು. ಬಾಗಿಲು ತಟ್ಟುವವರು ಇಲ್ಲವಾದರು.

"ಮೊಬೈಲಿನಲ್ಲೇ ಟಾರ್ಚಿದೆಯಲ್ಲ" ಎನ್ನುವವರಿಗೆ ಒಂದು ಮಾತು. ಮೊಬೈಲಿನ ದೀಪ ಬೀಗದ ಕಿಂಡಿ ಹುಡುಕಲು ಸರಿ. ಅದಕ್ಕೆ ಬೆಳಕನ್ನು ಒಟ್ಟುಗೂಡಿಸಿ ದೂರ ಎಸೆಯುವ ಬಟ್ಟಲಿಲ್ಲ. ನಾಲ್ಕು ಹೆಜ್ಜೆಯಾಚೆಗೆ ಚೆಲ್ಲಿ ಹೋಗುತ್ತದೆ. ಮಳೆಯಲ್ಲಿ ಅದನ್ನು ಹೊರಗೆ ತೆಗೆಯಲು ನಮಗೇ ಧೈರ್ಯವಿಲ್ಲ. ಆಂಬುಲೆನ್ಸಿಗೆ ಫೋನು ಮಾಡಬೇಕಾದ ಹೊತ್ತಿಗೆ ದೀಪ ಹಚ್ಚಿಯೇ ಚಾರ್ಜು ಖಾಲಿಯಾಗಿರುವುದೂ ಉಂಟು.

ಇನ್ನು ಡಬ್ಬದ ಮೇಲಿನ ಅಂಕಿಗಳನ್ನು ಜಪಿಸುವವರಿಗೆ ಇನ್ನೊಂದು ಮಾತು. ಒಳ್ಳೆಯ ಕಂಪನಿಗಳು ಅನುಸರಿಸುವ ಅಳತೆಯಲ್ಲಿ ಟಾರ್ಚಿನ 'ದೂರ' ಎಂದರೆ ಅದರ ಬೆಳಕು ಕಾಲು ಲಕ್ಸಿಗೆ ಇಳಿಯುವ ದೂರ. ಕಾಲು ಲಕ್ಸು ಹೆಚ್ಚುಕಡಿಮೆ ಹುಣ್ಣಿಮೆಯ ಬೆಳದಿಂಗಳು. ಹಾಗಾಗಿ ಒಂದು ಕಿಲೋಮೀಟರು ಹೋಗುತ್ತದೆ ಎಂದರೆ ಅಲ್ಲಿ ಬೆಳದಿಂಗಳಷ್ಟು ಬೀಳುತ್ತದೆ ಎಂದು ಮಾತ್ರ ಅರ್ಥ. ದೂರ ಎರಡರಷ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. 200 ಮೀಟರಿಗೆ 10,000 ಕ್ಯಾಂಡೆಲಾ ಸಾಕು. 1,000 ಮೀಟರಿಗೆ 2,50,000 ಬೇಕು. ಜೊತೆಗೆ, ಅತಿ ಬಲವಾದ ಟಾರ್ಚುಗಳು ಕೆಲವು ನಿಮಿಷದಲ್ಲೇ ಕಾದು, ತಾವೇ ಬೆಳಕನ್ನು ತಗ್ಗಿಸಿಕೊಳ್ಳುತ್ತವೆ. 200 ಮೀಟರಿನ ಪ್ರಾಮಾಣಿಕ ಟಾರ್ಚು 20 ಮೀಟರಿನಲ್ಲಿ ಬೆಳದಿಂಗಳಿನ 100 ಪಾಲು ಬೆಳಕು ಕೊಡುತ್ತದೆ. ರಾತ್ರಿಯಿಡೀ ಉರಿದರೆ ನಮ್ಮ ಬೀದಿಗೆ ಅಷ್ಟು ಧಾರಾಳ.

ಆ ಬೆಳಕಿನಲ್ಲಿ ಏನೇನು ಮಾಡಬಹುದು? ನಮ್ಮ ಬಡಾವಣೆಯ ಮಟ್ಟಿಗೇ ಹೇಳುತ್ತೇನೆ. ಏಪ್ರಿಲ್ ಮೇ ತಿಂಗಳ ಗಾಳಿಮಳೆಗೆ ಇಲ್ಲಿನ ಹಳೆಯ ಮರಗಳ ಕೊಂಬೆ ಮುರಿಯುತ್ತವೆ. ಕೊಂಬೆಯ ಜೊತೆಗೆ ತಂತಿಯೂ ಬೀಳಬಹುದು. ನೀರು ನಿಂತ ರಸ್ತೆಯಲ್ಲಿ ಕಾಲಿಡುವ ಮೊದಲು ದೂರದಿಂದಲೇ ಆ ತಂತಿಯನ್ನು ಕಾಣಬೇಕು. ಆ ಕಡೆಯಿಂದ ಸ್ಕೂಟರಿನಲ್ಲಿ ಬರುತ್ತಿರುವವರನ್ನು ತಡೆಯಬೇಕು. ಕಂಬ ಹತ್ತಿದ ಲೈನ್‌ಮ್ಯಾನಿಗೆ ಕೆಳಗಿನಿಂದ ಒಬ್ಬರು ಸ್ಥಿರವಾಗಿ ಬೆಳಕು ಹಿಡಿದರೆ ಅವರ ಎರಡು ಕೈಯೂ ಬಿಡುವಾಗುತ್ತವೆ. ಆಂಬುಲೆನ್ಸು ಮನೆ ನಂಬರು ಕಾಣದೆ ಬಲ್ಲಾಳ್ ವೃತ್ತದಿಂದ ಜೆಎಲ್‌ಬಿ ರಸ್ತೆಗೆ, ಅಲ್ಲಿಂದ ವಾಪಸ್ಸು ಸುತ್ತುತ್ತಿರುವಾಗ, ತಿರುವಿನಲ್ಲಿ ನಿಂತು ನೆಲದ ಮೇಲೆ ಬೆಳಕು ಆಡಿಸುವ ಒಬ್ಬ ಮನುಷ್ಯ ಉಳಿಸುವ ಐದು ನಿಮಿಷಕ್ಕೆ ಬೆಲೆ ಕಟ್ಟಲಾಗದು. ಹಿತ್ತಿಲಾಚೆಯ ಕನ್ಸರ್ವೆನ್ಸಿ ಓಣಿಯಲ್ಲಿ ಹಾವು ಸೇರಿಕೊಂಡರೆ, ಹಿಡಿಯುವವರು ಬರುವ ತನಕ ದೂರ ನಿಂತು ಅದರ ಮೇಲೆ ಕಣ್ಣಿಟ್ಟಿರುವುದೇ ನಾವು ಮಾಡಬೇಕಾದ ಕೆಲಸ. ಅದಕ್ಕೂ ದೂರ ಹೋಗುವ ಬೆಳಕೇ ಬೇಕು.

ಇಷ್ಟೆಲ್ಲ ಕೆಲಸವಿರುವ ಟಾರ್ಚು ಗಾಜಿನ ಹಿಂದಿದೆ. ನಮ್ಮ ಬೀದಿಯ ರಾತ್ರಿ ಕಾವಲಿನವರ ಕೈಯಲ್ಲಿ ಇರುವುದು, ಮುಖ ತೊಳೆಯದೆ ಎದ್ದು ಬಂದಂಥ ಒಂದು ಹಳದಿ ಬೆಳಕು. ಅದನ್ನೂ ಅವರು ಹಚ್ಚುವುದು ಅಪರೂಪ. ಯಾಕೆಂದು ಒಮ್ಮೆ ಕೇಳಿದೆ.

"ಸೆಲ್ಲು ನಾವೇ ಹಾಕ್ಕೋಬೇಕು ಸ್ವಾಮಿ. ಅದಕ್ಕೇ ಸದ್ದಾದ ಕಡೆ ಮಾತ್ರ ಬಿಡ್ತೀನಿ."

"ಸದ್ದು ಮಾಡದೆ ಮಲಗಿರೋದನ್ನ ತುಳಿದುಬಿಟ್ಟರೆ?"

"ದೇವರವನೆ ಬಿಡಿ ಸ್ವಾಮಿ."

ನಿವಾಸಿಗಳ ಸಭೆಯಲ್ಲಿ ಈ ಪ್ರಸ್ತಾಪ ಎತ್ತಿದೆ. ಒಳ್ಳೆಯದೊಂದು ಚಾರ್ಜು ಮಾಡುವ ಟಾರ್ಚು, ಮನೆಗೆ ನೂರು ರೂಪಾಯಿಯೂ ಬೀಳುವುದಿಲ್ಲ ಎಂದೆ. "ಅದನ್ನ ಅವರ ಏಜೆನ್ಸಿ ನೋಡ್ಕೋಬೇಕು ಸಾರ್" ಎಂದರು ಒಬ್ಬರು. "ಅಷ್ಟು ದೊಡ್ಡದು ಅವನಿಗ್ಯಾಕೆ, ಮಾರ್ಕೊಂಡುಬಿಡ್ತಾನೆ" ಎಂದರು ಇನ್ನೊಬ್ಬರು. ಅದೇ ಸಭೆಯಲ್ಲಿ ಬೀದಿಗೆ ಕ್ಯಾಮೆರಾ ಹಾಕಿಸಲು ಮನೆಗೆ ಎರಡು ಸಾವಿರದಂತೆ ಎತ್ತಲು ಹತ್ತು ನಿಮಿಷವೂ ಹಿಡಿಯಲಿಲ್ಲ. ಕ್ಯಾಮೆರಾ ನಮ್ಮ ಗೇಟನ್ನು ಕಾಯುತ್ತದೆ, ಆ ಮನುಷ್ಯನನ್ನೂ ಕಾಯುತ್ತದೆ. ಅಂದರೆ ಅವರು ನಿದ್ದೆ ಹೋದರೋ ಎಂದು. ಅವರ ಕಾಲನ್ನು ಕಾಯುವುದು ಯಾರ ಲೆಕ್ಕಕ್ಕೂ ಬರಲಿಲ್ಲ. ರಾತ್ರಿಯೆಲ್ಲ ನಮ್ಮ ಮನೆಗಳನ್ನೇ ಒಪ್ಪಿಸಿ ಮಲಗುವಷ್ಟು ನಂಬಿಕೆಯಿರುವ ಮನುಷ್ಯನ ಕೈಗೆ ಒಂದು ಟಾರ್ಚು ಒಪ್ಪಿಸಲು ನಂಬಿಕೆ ಸಾಲದು ಎನ್ನುವುದು ಯಾವ ಊರಿನ ತರ್ಕ?

ಬೀದಿಯ ತರ್ಕವೇ ನಾಡಿನ ತರ್ಕವೂ ಆಗಿದೆ. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹರಿಸಿದ ಸೀಮೆ ನಮ್ಮದು. ಅದೇ ನಾಡಿನಲ್ಲಿ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ಪಾಳಿಯ ಮೇಲೆ ಬರುತ್ತದೆ. ರಾತ್ರಿಯ ಪಾಳಿ ಬಿದ್ದ ರೈತ ಸರಿಹೊತ್ತಿನಲ್ಲಿ ಎದ್ದು ಗದ್ದೆಯ ಬದುವಿನ ಮೇಲೆ ನಡೆಯಬೇಕು. ಬದುವಿನ ಹುಲ್ಲಿನಲ್ಲಿ ಕೊಳಕುಮಂಡಲ ಅಲುಗಾಡದೆ ಸುರುಳಿ ಸುತ್ತಿ ಬಿದ್ದಿರುತ್ತದೆ. ಒಣಗಿದ ಎಲೆಗೂ ಅದಕ್ಕೂ ಬೇಧ ಕಾಣಿಸುವುದು ಒಳ್ಳೆಯ ಬೆಳಕಿಗೆ ಮಾತ್ರ. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿತು. ವರ್ಷಕ್ಕೆ ಸರಾಸರಿ 58,000. ಅವರಲ್ಲಿ ಬಹುಪಾಲು ಹಳ್ಳಿಯವರು. 2024ರಲ್ಲಿ ಕರ್ನಾಟಕ ಸರ್ಕಾರ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿತು. ಒಳ್ಳೆಯದೇ. ಆದರೆ ವರದಿ ಕಚ್ಚಿದ ಮೇಲೆ ಆಗುವ ಕೆಲಸ. ಟಾರ್ಚು, ಕಾಲಿಗೆ ಬೂಟು, ಇವು ಕಚ್ಚುವ ಮೊದಲಿನವು. ಹಗಲು ಕರೆಂಟು ಕೊಡಲಾಗದ ಸರ್ಕಾರ ರಾತ್ರಿಗೊಂದು ಟಾರ್ಚನ್ನಾದರೂ ಕೊಡಬೇಡವೆ?

ಹಾವಿನ ಮಾತಾಯಿತು. ನಮ್ಮ ಜಿಲ್ಲೆಯ ಟಿ. ನರಸೀಪುರ ತಾಲ್ಲೂಕಿನಲ್ಲಿ 2022ರ ಅಕ್ಟೋಬರಿನಿಂದ 2023ರ ಜನವರಿಯೊಳಗೆ ಚಿರತೆಗೆ ನಾಲ್ವರು ಬಲಿಯಾದರು. ಆಗ ಚಿರತೆಯ ಹೆಜ್ಜೆ ಹಿಡಿದು ಕಬ್ಬಿನ ಗದ್ದೆಗಳ ನಡುವೆ ಹಗಲೂ ರಾತ್ರಿ ಅಲೆದವರು ಅರಣ್ಯ ಇಲಾಖೆಯ ಸಿಬ್ಬಂದಿ. ಅಂಥ ಕಡೆ 'ಸುತ್ತಲೂ ಒಮ್ಮೆ ಬೆಳಕು ಬಿಟ್ಟು ಮುಂದೆ ಹೆಜ್ಜೆ ಇಡು' ಎನ್ನುವುದು ಷೋಕಿಯ ಮಾತಲ್ಲ, ಜೀವದ ಮಾತು. 10–12 ಸಾವಿರದ ಟಾರ್ಚು ಯಾರಿಗಾದರೂ ಸಲ್ಲುವುದಿದ್ದರೆ ಅವರಿಗೆ ಸಲ್ಲುತ್ತದೆ.

ಹಾಗೆಂದು ಬಲವಾದ ಬೆಳಕನ್ನು ಎಲ್ಲೆಂದರಲ್ಲಿ ಬಿಡುವುದೂ ಸಲ್ಲದು. ಎದುರಿಗೆ ಬರುವವರ ಮುಖಕ್ಕೆ ಟಾರ್ಚು ಬಿಡುವುದು ಅಸಭ್ಯತೆ ಮಾತ್ರವಲ್ಲ, ಅಪಾಯ. ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು ಕಣ್ಣಿಗೆ ಅರ್ಧ ಗಂಟೆಯಾದರೂ ಬೇಕು. ಅದನ್ನು ಕೆಡಿಸಲು ಒಂದು ಕ್ಷಣ ಸಾಕು. ಮರದಲ್ಲಿ ಕೂತ ಗೂಬೆಯ ಕಣ್ಣಿಗೆ ಬಿಟ್ಟು ಮಕ್ಕಳನ್ನು ನಗಿಸುವ ತಂದೆಯರಿಗೂ ಇದನ್ನೇ ಹೇಳುತ್ತೇನೆ. ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ ವಾಹನ ಸಂಚಾರವನ್ನು 2009ರಲ್ಲಿ ನಿಲ್ಲಿಸಿದ್ದು ಕಾಡಿನ ಪ್ರಾಣಿಗಳಿಗೆ ಅವುಗಳ ಕತ್ತಲನ್ನು ಬಿಟ್ಟುಕೊಡಲೆಂದೇ. ಬೆಳಕು ಬೇಕಾದ ಕಡೆ ಬೀಳಬೇಕು, ಬೇಕಾದಷ್ಟು ಹೊತ್ತು ಬೀಳಬೇಕು, ಆಮೇಲೆ ಆರಬೇಕು.

ಮೈಸೂರಿನವರಾದ ನಮಗೆ ಬೆಳಕಿನ ಮೋಹ ಸ್ವಲ್ಪ ಹೆಚ್ಚು. ಭಾನುವಾರದ ಸಂಜೆ ಅರಮನೆಗೆ ಸುಮಾರು ಒಂದು ಲಕ್ಷ ಬಲ್ಬು ಹತ್ತಿಕೊಂಡರೆ ನೂರು ಸಲ ನೋಡಿದವರೂ ನಿಂತು ನೋಡುತ್ತೇವೆ. ವಿಜಯದಶಮಿಯ ರಾತ್ರಿ ಬನ್ನಿಮಂಟಪದಲ್ಲಿ ಪಂಜಿನ ಕವಾಯತಿಗೆ ಪಾಸು ಸಿಗಲೆಂದು ಯಾರು ಯಾರನ್ನೋ ಹಿಡಿಯುತ್ತೇವೆ. ನೋಡುವ ಬೆಳಕಿಗೆ ನಮ್ಮಲ್ಲಿ ಬರವಿಲ್ಲ. ನಡೆಯುವ ಬೆಳಕಿನ ಮಾತು ಬಂದಾಗಲೇ ಜಿಪುಣತನ.

ಆದ್ದರಿಂದ ನಾನು ಕೇಳುವುದು ಹೆಚ್ಚೇನಲ್ಲ. ಬೀದಿಗೊಂದು ಒಳ್ಳೆಯ ಟಾರ್ಚು ಇರಲಿ. ಅದು ಯಾರ ಮನೆಯಲ್ಲಿದೆ ಎಂದು ಬೀದಿಯ ಎಲ್ಲರಿಗೂ ಗೊತ್ತಿರಲಿ. ಎಷ್ಟು ಹೊತ್ತಿಗೆ ಬಾಗಿಲು ತಟ್ಟಿದರೂ ಸಿಗಲಿ. ಕಾವಲಿನವರಿಗೆ ಬೇರೆಯದೇ ಒಂದನ್ನು ಕೊಟ್ಟು, ಅದರ ಚಾರ್ಜಿಗೆ ಯಾವುದಾದರೂ ಒಂದು ಗೇಟಿನ ಪಕ್ಕ ಪ್ಲಗ್ಗು ಬಿಟ್ಟುಕೊಡಿ. ಅದು ಕಳೆದುಹೋದರೆ ಇನ್ನೊಂದು ಕೊಡೋಣ. ಅವರ ಕಾಲು ಕಳೆದುಹೋದರೆ ಕೊಡಲು ನಮ್ಮ ಸಂಘದ ಬಳಿ ಇನ್ನೊಂದಿಲ್ಲ.