ಗದ್ದೆಗೆ ಡ್ರೋನು, ತೋಟಕ್ಕೆ?

2023ರ ಆಗಸ್ಟ್ 15ರಂದು ಕೆಂಪುಕೋಟೆಯ ಮೇಲಿನಿಂದ ಪ್ರಧಾನಿಗಳು 15,000 ಮಹಿಳಾ ಸ್ವಸಹಾಯ ಸಂಘಗಳ ಕೈಗೆ ಡ್ರೋನು ಕೊಡುವ ಮಾತನ್ನು ಆಡಿದರಷ್ಟೆ. ಬೆಲೆಯಲ್ಲಿ ನೂರಕ್ಕೆ 80ರಷ್ಟನ್ನು, 8 ಲಕ್ಷ ರೂಪಾಯಿ ಮೀರದಂತೆ, ಸರಕಾರವೇ ಭರಿಸುವ ಏರ್ಪಾಡೂ ಆಯಿತು. ಅಂದಿನಿಂದ ದೆಹಲಿಯ ನಮ್ಮಂಥವರಿಗೆ, ಅಂದರೆ ಊರಿನಲ್ಲಿ ಎರಡೆಕರೆ ನೆಲವಿದ್ದು ಇಲ್ಲಿ ಕಡತ ತಿರುವಿಹಾಕುವವರಿಗೆ, ಬೇಸಾಯದ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿದೆ. ಸಂಘದಲ್ಲಿ ಕಾಫಿಯ ಹೊತ್ತಿಗೆ ಡ್ರೋನಿನ ಪ್ರಸ್ತಾಪ ಬಾರದ ಭಾನುವಾರವಿಲ್ಲ. ವಾಚಕರ ಅಪ್ಪಣೆಯಾದರೆ ಈ ಸಲ ನಾನೂ ಅದನ್ನೇ ಮಾತಾಡುತ್ತೇನೆ.

ಹೊಲಕ್ಕೂ ಗದ್ದೆಗೂ ಈ ಯಂತ್ರ ಹೇಳಿ ಮಾಡಿಸಿದಂತಿದೆ. 10 ಲೀಟರ್ ಮದ್ದು ಹೊತ್ತು ಹೊರಟರೆ ಎಕರೆಯೊಂದನ್ನು ಹತ್ತು ನಿಮಿಷದ ಸುಮಾರಿಗೆ ಮುಗಿಸುತ್ತದೆ. ಬೆನ್ನಿಗೆ ಡಬ್ಬ ಕಟ್ಟಿಕೊಂಡು ನಡೆಯುವವನಿಗಾದರೋ ಅದೇ ಎಕರೆಗೆ 150-200 ಲೀಟರ್ ನೀರು ಬೇಕು. ಮದ್ದಿನ ಗಾಳಿ ಮೂಗಿಗೆ ಹೊಡೆಯುವುದು ಬೇರೆ. ಕೆಲವು ಡ್ರೋನುಗಳಿಗೆ ನಮ್ಮ ಕಣ್ಣಿಗೆ ಕಾಣದ ಬೆಳಕನ್ನು ಹಿಡಿಯುವ ಕ್ಯಾಮರಾ ಇರುತ್ತದೆ. ಆರೋಗ್ಯವಾದ ಎಲೆ ಅತಿಗೆಂಪು ಬೆಳಕನ್ನು ಹೆಚ್ಚಾಗಿ ಹಿಂದಕ್ಕೆ ಕಳಿಸುತ್ತದೆ, ಸೊರಗಿದ ಎಲೆ ಕಡಮೆ. ಹೊಲದ ಯಾವ ಮೂಲೆ ಸೊರಗುತ್ತಿದೆಯೆಂಬುದು ಹೀಗೆ ನಕ್ಷೆಯಲ್ಲಿ ಗೊತ್ತಾದರೆ ಮದ್ದನ್ನು ಅಷ್ಟಕ್ಕೇ ಹಾಕಬಹುದು. ನಿಖರ ಬೇಸಾಯವೆನ್ನುವುದು ಇದನ್ನೇ. ನಡೆಸುವವರಿಗೆ 18 ವರ್ಷ ತುಂಬಿರಬೇಕು, ಹತ್ತನೆಯ ತರಗತಿ ಪಾಸಾಗಿರಬೇಕು, ತರಬೇತಿಯಾಗಿರಬೇಕು ಎಂದು 2021ರ ನಿಯಮ ಹೇಳುತ್ತದೆ. ಬಿ.ಎ. ಇಲ್ಲಿಯೂ ಉಪಯೋಗಕ್ಕೆ ಬಾರದು!

ನನ್ನ ತೊಡಕು ಬೇರೆ. ನಮ್ಮದು ಸಾಗರದ ಕಡೆಯ ಅಡಕೆ ತೋಟ. ಅಣ್ಣ ಫೋನು ಮಾಡಿ, “ಈ ವರ್ಷ ಕೊನೆಗಾರ ಸಿಗೋ ಹಾಗಿಲ್ಲ ಕಣೋ. ಡ್ರೋನಿನವರು ಬಂದು ಕೇಳ್ತಿದ್ದಾರೆ. ನೀನು ಸರ್ಕಾರದಲ್ಲಿದ್ದೀಯಲ್ಲ, ವಿಚಾರಿಸಿ ಹೇಳು” ಎಂದ. ಸರಕಾರದಲ್ಲಿರುವವನಿಗೆ ಎಲ್ಲವೂ ತಿಳಿದಿರುತ್ತದೆಂಬ ನಂಬಿಕೆ ಊರಿನಲ್ಲಿ ಇನ್ನೂ ಉಳಿದಿದೆ.

ಮಲೆನಾಡಿನವರಲ್ಲದ ವಾಚಕರಿಗಾಗಿ ಒಂದೆರಡು ಮಾತು. ಮಳೆಗಾಲದಲ್ಲಿ ಅಡಕೆಯ ಎಳೆಗಾಯಿಗೆ ಕೊಳೆರೋಗ ತಗಲುತ್ತದೆ. ಕರಾವಳಿಯವರು ಮಹಾಳಿ ಎನ್ನುತ್ತಾರೆ. ತಗಲಿತೆಂದರೆ ವರ್ಷದ ಅನ್ನ ಕೊಳೆತು ಮರದ ಬುಡದಲ್ಲಿ ಬಿದ್ದಿರುತ್ತದೆ. ಹಿಂದೆ ಗೊನೆಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಯುತ್ತಿದ್ದರು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಸಾಹೇಬರು ಈ ರೋಗದ ಬೆನ್ನು ಹತ್ತಿ, 1910ರಲ್ಲಿ ಅದರ ಮೇಲೆ ಗ್ರಂಥವನ್ನೇ ಬರೆದು, ಬೋರ್ಡೋ ದ್ರಾವಣವನ್ನು ರೂಢಿಗೆ ತಂದರು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಮಳೆ ಹಿಡಿಯುವ ಮುನ್ನ ಒಮ್ಮೆ, 40-45 ದಿನಕ್ಕೆ ಮತ್ತೊಮ್ಮೆ. ನೂರು ವರ್ಷ ದಾಟಿದರೂ ಮದ್ದು ಅದೇ.

ಅದನ್ನು ಹೊತ್ತು ಮರ ಏರುವವನು ಕೊನೆಗಾರ. ಮಳೆಗೆ ಜಾರುವ ಮರ, ಕೈಯಲ್ಲಿ ಮದ್ದಿನ ಕೊಳವೆ. ಒಂದು ಮರದಿಂದ ಇನ್ನೊಂದಕ್ಕೆ ಜೀಕಿ ದಾಟುವ ಆ ಕಸಬನ್ನು ನೋಡುವುದಕ್ಕೇ ಎದೆಗಾರಿಕೆ ಬೇಕು. ಬಿದ್ದು ಸೊಂಟ ಮುರಿದು ಮೂಲೆ ಹಿಡಿದವರು ನಮ್ಮ ಕೇರಿಯಲ್ಲೇ ಇದ್ದಾರೆ. ಅಂಥವರೊಬ್ಬರ ಮಗ ಬೆಂಗಳೂರಿನಲ್ಲಿ ಟ್ಯಾಕ್ಸಿ ನಡೆಸುತ್ತಾನೆ. ಕುರ್ಚಿಯ ಮೇಲೆ ಕುಳಿತು ಸಂಬಳ ಎಣಿಸುವ ನಾನು ಅವನನ್ನು ಸೋಮಾರಿಯೆನ್ನಲಾರೆ. ಯಂತ್ರ ಎಷ್ಟು ಬೇಗ ಮುಗಿಸುತ್ತದೆಂಬುದಕ್ಕಿಂತ, ಮನುಷ್ಯನನ್ನು ನೆಲದ ಮೇಲೆ ನಿಲ್ಲಿಸಿ ಕೆಲಸ ಮಾಡಿಸುತ್ತದೆಯೆ ಎಂಬುದೇ ನನಗೆ ದೊಡ್ಡ ಲೆಕ್ಕ.

ಡ್ರೋನು ನೆಲದ ಮೇಲೇನೋ ನಿಲ್ಲಿಸುತ್ತದೆ. ಆದರೆ ಅದು ಸುರಿಯುವುದು ಮೇಲಿನಿಂದ, ಗೊನೆಯಿರುವುದು ಸೋಗೆಯ ಅಡಿಯಲ್ಲಿ. ಬೋರ್ಡೋ ತಾಗಿದ ಜಾಗವನ್ನು ಮಾತ್ರ ಕಾಯುವ ಮದ್ದು. ಕಾಯಿಗೆ ಸುತ್ತಲೂ ಮೆತ್ತಬೇಕು. ಕೊಡೆಯ ಮೇಲೆ ನೀರು ಹೊಯ್ದು ಕೊಡೆ ಹಿಡಿದವನನ್ನು ತೋಯಿಸಹೊರಟಂತಾಯಿತು. ರೆಕ್ಕೆಯ ಗಾಳಿ ಹನಿಯನ್ನು ಕೆಳಕ್ಕೆ ನೂಕುತ್ತದೆಂಬುದು ನಿಜವೇ, ಗೊನೆಯ ಹಿಂಬದಿಗೂ ನೂಕುತ್ತದೆಯೆ? ಸುಣ್ಣದ ಕಣ ಸಣ್ಣ ಮೂತಿಗೆ ಕಟ್ಟಿಕೊಳ್ಳುವ ಕಾಟ ಬೇರೆ.

ಹೀಗಿರಲು, ಗದ್ದೆಗೆ ಡ್ರೋನು ಕರೆಸು, ತೋಟಕ್ಕೆ ದೋಟಿ ನೋಡು ಎಂದು ಅಣ್ಣನಿಗೆ ಹೇಳಿದೆ. ಕಾರ್ಬನ್ ಫೈಬರಿನ ದೋಟಿ ಈಗ 60 ಅಡಿಯ ಮರಕ್ಕೂ ಮುಟ್ಟುತ್ತದೆ. ನೆಲದಲ್ಲಿ ನಿಂತೇ ಗೊನೆಗೆ ಕೆಳಗಿನಿಂದ ಮದ್ದು ಹೊಡೆಯಬಹುದು. ಕತ್ತು ನೋಯುತ್ತದೆ, ಸೊಂಟ ಮುರಿಯುವುದಿಲ್ಲ. “ದೋಟಿ ಹಿಡಿಯೋನೂ ಸಿಗಬೇಕಲ್ಲ” ಎಂದ ಅಣ್ಣ. ಅದೂ ಹೌದು. ಆದರೆ ಮರ ಹತ್ತಲು ಹೆದರುವ ಹುಡುಗರೂ ದೋಟಿ ಕಲಿಯುತ್ತಾರೆ.

ವಾಚಕರಲ್ಲಿ ಯಾರಾದರೂ ಊರಿನ ತೋಟಕ್ಕೆ ಡ್ರೋನಿನಿಂದ ಮದ್ದು ಹೊಡೆಸಿದ್ದರೆ, ಮಳೆ ಮುಗಿದ ಮೇಲೆ ಮರದ ಬುಡದಲ್ಲಿ ಉದುರಿದ ಕಾಯಿ ಎಷ್ಟೆಂದು ದಯಮಾಡಿ ಬರೆದು ತಿಳಿಸಬೇಕು. ಅಣ್ಣ ಇನ್ನೂ ಮನಸ್ಸು ಗಟ್ಟಿ ಮಾಡಿಲ್ಲ.